ಮನೆಯಿಂದ ಕೆಲಸ ಮಾಡುವವರು ದಿನಚರಿಯನ್ನು ಎಲ್ಲಿಂದ ಆರಂಭಿಸಬೇಕು?

ಮನೆಯಿಂದ ಕೆಲಸ ಆರಂಭಿಸಿ ಕೆಲವು ತಿಂಗಳಾಯಿತು, ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೂ ಲ್ಯಾಪ್‌ಟಾಪ್ ತೆರೆದೇ ಇರುತ್ತದೆ, ಆದರೂ ಮುಖ್ಯವಾದ ಕೆಲಸ ಮಾತ್ರ ಮುಗಿಯುವುದಿಲ್ಲ ಎಂದು ಬರೆದಿದ್ದೀರಿ. ಎಷ್ಟು ಗಂಟೆಗೆ ಏಳಬೇಕು, ಯಾವ ವೇಳಾಪಟ್ಟಿ ಒಳ್ಳೆಯದು, ಯಾವ ಆ್ಯಪ್ ಬಳಸಬೇಕು ಎಂಬುದು ನಿಮ್ಮ ಪ್ರಶ್ನೆ. ನಾನು ಹಲವು ವರ್ಷಗಳಿಂದ ಮನೆಯಲ್ಲೇ ಕುಳಿತು ಸಾಫ್ಟ್‌ವೇರ್ ಬಳಕೆದಾರರಿಗೆ ಕೈಪಿಡಿ ಬರೆಯುವ ಕೆಲಸ ಮಾಡುತ್ತಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಏಳುವ ಹೊತ್ತಿನ ಬಗ್ಗೆ ಆಮೇಲೆ ಯೋಚಿಸಬಹುದು. ಕೆಲಸ ನಿಲ್ಲಿಸುವ ಹೊತ್ತನ್ನು ಮೊದಲು ಗೊತ್ತುಮಾಡಿಕೊಳ್ಳಿ, ಉಳಿದದ್ದನ್ನೆಲ್ಲ ಅಲ್ಲಿಂದ ಹಿಂದಕ್ಕೆ ಜೋಡಿಸುತ್ತ ಬನ್ನಿ.

ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕಚೇರಿಯಲ್ಲಿ ದಿನಕ್ಕೆ ಎಲ್ಲೆ ಹಾಕುವ ಹೊಣೆ ನಮ್ಮ ಮೇಲಿರಲಿಲ್ಲ. ಹಿಡಿಯಬೇಕಾದ ಬಸ್ಸು, ಒಬ್ಬೊಬ್ಬರಾಗಿ ಚೀಲ ಎತ್ತಿಕೊಂಡು ಹೊರಡುವ ಸಹೋದ್ಯೋಗಿಗಳು, ದೀಪ ಆರಿಸಲು ಬರುವ ಕಾವಲುಗಾರ, ಇವೆಲ್ಲ ಸೇರಿ ಇವತ್ತಿಗೆ ಇಷ್ಟು ಸಾಕು ಎಂದು ತಿಳಿಸುತ್ತಿದ್ದವು. ಮನೆಯಲ್ಲಿ ಅದನ್ನು ಹೇಳುವವರಿಲ್ಲ. ಒಂದು ಕೆಲಸಕ್ಕೆ ಎಷ್ಟು ಕಾಲಾವಕಾಶ ಸಿಗುತ್ತದೆಯೋ ಅಷ್ಟನ್ನೂ ತುಂಬುವಷ್ಟು ಆ ಕೆಲಸ ಬೆಳೆಯುತ್ತದೆ ಎಂದು ಬ್ರಿಟಿಷ್ ಲೇಖಕ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ 1955ರಲ್ಲಿ ‘ದಿ ಎಕಾನಮಿಸ್ಟ್’ ಪತ್ರಿಕೆಯಲ್ಲಿ ಬರೆದಿದ್ದರು. ಅವರು ಮಾತನಾಡುತ್ತಿದ್ದುದು ಸರ್ಕಾರಿ ಕಚೇರಿಗಳ ಬಗ್ಗೆಯಾದರೂ, ಮನೆಯಿಂದ ಕೆಲಸ ಮಾಡುವವರಿಗೆ ಆ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಏಕೆಂದರೆ ರಾತ್ರಿಯೂ ಕೆಲಸಕ್ಕೆ ಲಭ್ಯವಿದೆ ಎಂಬ ಅರಿವು ಬೆಳಿಗ್ಗೆಯೇ ಮನಸ್ಸಿನಲ್ಲಿರುತ್ತದೆ; ಹಾಗಾಗಿ ಕಷ್ಟವಾದದ್ದನ್ನು ಮುಂದಕ್ಕೆ ತಳ್ಳಿ, ಸುಲಭವಾದ ಇಮೇಲ್‌ಗಳಿಗೆ ಉತ್ತರಿಸುತ್ತ ಕುಳಿತರೂ ಏನೂ ಕೆಟ್ಟಂತೆ ತೋರುವುದಿಲ್ಲ. ಸಂಜೆ ಆರಕ್ಕೆ ಲ್ಯಾಪ್‌ಟಾಪ್ ಮುಚ್ಚಲೇಬೇಕು ಎಂದಾದಾಗ ಬೆಳಗಿನ ಹತ್ತು ಗಂಟೆಯ ಹೊತ್ತಿನ ಬೆಲೆ ಬೇರೆಯಾಗುತ್ತದೆ.

ಮನೆಯಿಂದ ಮಾಡುವ ಕೆಲಸದ ಬಗ್ಗೆ ನಡೆದ ಒಂದು ಪ್ರಸಿದ್ಧ ಅಧ್ಯಯನವೂ ಇದೇ ದಿಕ್ಕಿನಲ್ಲಿ ಯೋಚಿಸುವಂತೆ ಮಾಡುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಸಿಟ್ರಿಪ್ ಎಂಬ ಪ್ರವಾಸ ಸಂಸ್ಥೆಯ ಕಾಲ್ ಸೆಂಟರ್ ಸಿಬ್ಬಂದಿಯ ಮೇಲೆ ಒಂಬತ್ತು ತಿಂಗಳು ಪ್ರಯೋಗ ನಡೆಸಿ, 2015ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ವಾರದಲ್ಲಿ ನಾಲ್ಕು ದಿನ ಮನೆಯಿಂದ ದುಡಿದವರ ಕೆಲಸ ಶೇ. 13ರಷ್ಟು ಹೆಚ್ಚಿತು. ಈ ಅಂಕಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದರ ಒಳವಿವರವನ್ನು ಗಮನಿಸುವವರು ಕಡಿಮೆ. ಆ ಹೆಚ್ಚಳದ ಬಹುಪಾಲು ಬಂದದ್ದು ಬಿಡುವು ಮತ್ತು ಅನಾರೋಗ್ಯದ ರಜೆಗಳು ಕಡಿಮೆಯಾಗಿ, ಪಾಳಿಯ ಅವಧಿಯಲ್ಲಿ ಹೆಚ್ಚು ನಿಮಿಷ ಕೆಲಸ ನಡೆದದ್ದರಿಂದ. ಅಲ್ಲಿ ಪಾಳಿಗೆ ನಿಶ್ಚಿತವಾದ ಆರಂಭವಿತ್ತು, ನಿಶ್ಚಿತವಾದ ಕೊನೆಯಿತ್ತು. ಮನೆಯಲ್ಲಿ ಕೆಲಸಕ್ಕೆಂದೇ ಪ್ರತ್ಯೇಕ ಜಾಗ ಇರಬೇಕೆಂಬ ಷರತ್ತೂ ಇತ್ತು. ನಿಮ್ಮ ನನ್ನಂಥವರ ಕೆಲಸದಲ್ಲಿ ಈ ಎರಡನ್ನೂ ಯಾರೂ ಒದಗಿಸುವುದಿಲ್ಲ, ನಾವೇ ಮಾಡಿಕೊಳ್ಳಬೇಕು.

ನಿಲ್ಲಿಸುವುದೆಂದರೆ ಗಡಿಯಾರ ನೋಡಿ ತಟ್ಟನೆ ಎದ್ದುಬಿಡುವುದೆಂದು ತಿಳಿಯಬಾರದು. ಹಾಗೆ ಎದ್ದರೆ ಅರ್ಧಕ್ಕೆ ಬಿಟ್ಟ ಕೆಲಸ ಊಟದ ಹೊತ್ತಿನಲ್ಲೂ ತಲೆಯಲ್ಲಿ ಸುತ್ತುತ್ತಿರುತ್ತದೆ. ಕೊನೆಯ ಹದಿನೈದು ನಿಮಿಷವನ್ನು ಮುಗಿಸುವ ಕೆಲಸಕ್ಕೇ ಮೀಸಲಿಡಬೇಕು. ನಾನು ಮಾಡುವುದು ಹೀಗೆ: ತೆರೆದಿರುವ ಕಡತಗಳನ್ನು ಉಳಿಸಿ ಮುಚ್ಚುತ್ತೇನೆ, ಬ್ರೌಸರ್‌ನಲ್ಲಿ ಸಾಲುಗಟ್ಟಿ ನಿಂತಿರುವ ಟ್ಯಾಬ್‌ಗಳಲ್ಲಿ ನಾಳೆಗೆ ಬೇಕಾದವುಗಳ ಕೊಂಡಿಯನ್ನು ಬರೆದಿಟ್ಟು ಉಳಿದವನ್ನು ತೆಗೆಯುತ್ತೇನೆ, ಆಮೇಲೆ ಒಂದು ಚೀಟಿ ಬರೆದು ಕೀಬೋರ್ಡ್ ಮೇಲೆ ಇಡುತ್ತೇನೆ. ಆ ಚೀಟಿಯಲ್ಲಿ ‘ಕೈಪಿಡಿ ಮುಂದುವರಿಸುವುದು’ ಎಂದು ಬರೆದರೆ ಪ್ರಯೋಜನವಿಲ್ಲ. ‘ಪಾಸ್‌ವರ್ಡ್ ಬದಲಾಯಿಸುವ ಭಾಗದಲ್ಲಿ ಮೂರನೆಯ ಹಂತದವರೆಗೆ ಬರೆದಾಗಿದೆ, ನಾಲ್ಕನೆಯದರಲ್ಲಿ ಬರುವ ಎಚ್ಚರಿಕೆಯ ಸಂದೇಶ ಹಳೆಯದು, ಹೊಸ ಚಿತ್ರ ತೆಗೆಯಬೇಕು, ಚಿತ್ರ ಸಿಕ್ಕ ಮೇಲೆ ಐದಕ್ಕೆ ಹೋಗುವುದು’ ಎನ್ನುವಷ್ಟು ಸ್ಪಷ್ಟವಾಗಿರಬೇಕು. ಬೆಳಿಗ್ಗೆ ಕುಳಿತವನಿಗೆ ಎಲ್ಲಿಂದ ಹಿಡಿಯುವುದು ಎಂಬ ಯೋಚನೆಗೆ ಅವಕಾಶವೇ ಇರಬಾರದು. ಮುಗಿಯದ ಕೆಲಸ ಮನಸ್ಸನ್ನು ಕಾಡುತ್ತಲೇ ಇರುತ್ತದೆ, ಆದರೆ ಅದನ್ನು ಯಾವಾಗ, ಹೇಗೆ ಮಾಡುವುದೆಂದು ನಿರ್ದಿಷ್ಟವಾಗಿ ಯೋಜಿಸಿದ ಕೂಡಲೇ ಆ ಕಾಟ ಬಹಳಮಟ್ಟಿಗೆ ಇಳಿಯುತ್ತದೆ ಎಂಬುದನ್ನು ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞರು 2011ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದ್ದಾರೆ. ನನ್ನ ಮಟ್ಟಿಗೆ ಇಡೀ ದಿನಚರಿಯಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ ಎಂದರೆ ಈ ಚೀಟಿಯನ್ನೇ ಉಳಿಸಿಕೊಳ್ಳುತ್ತೇನೆ.

ಸಂಜೆಯ ಎಲ್ಲೆ ಗಟ್ಟಿಯಾದರೆ ಬೆಳಗಿನ ಆರಂಭಕ್ಕೆ ಹೆಚ್ಚೇನೂ ಬೇಕಾಗುವುದಿಲ್ಲ. ಎದ್ದು, ಸ್ನಾನ ಮುಗಿಸಿ, ಮಲಗಿದ್ದ ಬಟ್ಟೆ ಬದಲಿಸಿ, ಸಾಧ್ಯವಾದರೆ ಹತ್ತು ನಿಮಿಷ ಹೊರಗಿನ ಬೆಳಕಿನಲ್ಲಿ ನಡೆದು ಬಂದು ಕುಳಿತರೆ ಸಾಕು. ಬೆಳಗಿನ ಬೆಳಕು ದೇಹದ ಗಡಿಯಾರವನ್ನು ಸರಿಹೊಂದಿಸುವುದರಿಂದ ರಾತ್ರಿಯ ನಿದ್ರೆಗೂ ಅದು ಸಹಾಯ ಮಾಡುತ್ತದೆ. ಇಲ್ಲಿ ‘ಬೇಗ ಕೆಲಸ ಆರಂಭಿಸುತ್ತೇನೆ’ ಎಂಬ ಸಂಕಲ್ಪಕ್ಕಿಂತ, ‘ನಡೆದು ಬಂದು ಚಪ್ಪಲಿ ಬಿಟ್ಟ ಕೂಡಲೇ ಚೀಟಿ ಓದಿ ಮೊದಲ ಸಾಲು ಬರೆಯುತ್ತೇನೆ’ ಎಂಬ ನಿರ್ಧಾರ ಹೆಚ್ಚು ಫಲ ಕೊಡುತ್ತದೆ. ಹೀಗೆ ಒಂದು ಸಂದರ್ಭಕ್ಕೆ ಒಂದು ಕ್ರಿಯೆಯನ್ನು ಗಂಟುಹಾಕುವ ಯೋಜನೆಗಳು ಬರಿಯ ಇಚ್ಛೆಗಿಂತ ಹೆಚ್ಚು ಈಡೇರುತ್ತವೆ ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರ ಪ್ರಬಂಧದಲ್ಲಿ ವಿವರಿಸಿದ್ದಾರೆ. ಎಷ್ಟು ಗಂಟೆಗೆ ಏಳಬೇಕೆಂದು ಕೇಳಿದ್ದೀರಿ. ನಸುಕಿನಲ್ಲಿ ಏಳುವವರೇ ಹೆಚ್ಚು ಕೆಲಸ ಮಾಡುತ್ತಾರೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಏಳೆಂಟು ಗಂಟೆ ನಿದ್ರೆ ಸಿಗುವಂತೆ, ದಿನವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಎದ್ದರೆ ಯಾವ ಹೊತ್ತಾದರೂ ನಡೆಯುತ್ತದೆ.

ಇನ್ನು ಆರಂಭಕ್ಕೂ ಕೊನೆಗೂ ನಡುವಿನ ದಿನ. ಇಲ್ಲಿ ಕಾಲ ಸೋರಿಹೋಗುವುದು ಹೆಚ್ಚಾಗಿ ಸಂದೇಶಗಳ ಮೂಲಕ. ಎದುರಿಗೆ ಕಾಣದ ಸಹೋದ್ಯೋಗಿಗೆ ತಾನು ಕೆಲಸದಲ್ಲೇ ಇದ್ದೇನೆಂದು ತೋರಿಸಬೇಕೆಂಬ ಆತಂಕದಿಂದ ಪ್ರತಿ ಸಂದೇಶಕ್ಕೂ ತಕ್ಷಣ ಉತ್ತರಿಸುವುದು ಮನೆಯಿಂದ ದುಡಿಯುವವರಲ್ಲಿ ಬಹಳ ಸಾಮಾನ್ಯ. ನಿಮ್ಮ ಪ್ರಶ್ನೆಯ ಹಿಂದೆಯೂ ಅದು ಇರಬಹುದೆಂದು ನನಗೆ ಅನ್ನಿಸುತ್ತದೆ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲೇ ಉಳಿಯುತ್ತದೆಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಎರಡು ನಿಮಿಷದ ಉತ್ತರಕ್ಕೆ ತೆರುವ ಬೆಲೆ ಎರಡು ನಿಮಿಷಕ್ಕಿಂತ ಹೆಚ್ಚಾಗುವುದು ಇದರಿಂದಲೇ. ಆದ್ದರಿಂದ ದಿನದ ಮೊದಲ ಒಂದೂವರೆ ಅಥವಾ ಎರಡು ಗಂಟೆಯನ್ನು ಅತ್ಯಂತ ಕಷ್ಟದ ಕೆಲಸಕ್ಕೆ ಮೀಸಲಿಟ್ಟು, ಆ ಹೊತ್ತಿನಲ್ಲಿ ಸಂದೇಶದ ಕಿಟಕಿಯನ್ನು ಮುಚ್ಚಿಬಿಡಿ. ಫೋನನ್ನು ಕೈಗೆ ಸಿಗದಂತೆ ಬೇರೆ ಕೋಣೆಯಲ್ಲಿಡಿ. ಹೀಗೆ ಮಾಡುವ ಮೊದಲು ನಿಮ್ಮ ತಂಡಕ್ಕೆ ತಿಳಿಸುವುದು ಅಗತ್ಯ. ‘ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದೂವರೆಯವರೆಗೆ ಬರವಣಿಗೆಯಲ್ಲಿರುತ್ತೇನೆ, ತುರ್ತಿದ್ದರೆ ಕರೆ ಮಾಡಿ’ ಎಂದು ಬರೆದಿಟ್ಟರೆ, ನಿಜವಾದ ತುರ್ತು ಎಷ್ಟು ಅಪರೂಪವೆಂದು ಕೆಲವೇ ವಾರಗಳಲ್ಲಿ ಗೊತ್ತಾಗುತ್ತದೆ.

ಇಪ್ಪತ್ತೈದು ನಿಮಿಷ ಕೆಲಸ, ಐದು ನಿಮಿಷ ಬಿಡುವು ಎಂಬ ಪೊಮೊಡೊರೊ ಪದ್ಧತಿಯ ಬಗ್ಗೆ ನಿಮಗೆ ಅನೇಕರು ಹೇಳಿರಬಹುದು. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ, ಟೊಮೆಟೊ ಆಕಾರದ ಅಡುಗೆಮನೆಯ ಟೈಮರ್ ಇಟ್ಟುಕೊಂಡು ಓದಲು ಕುಳಿತದ್ದರಿಂದ ಹುಟ್ಟಿದ ಪದ್ಧತಿ ಅದು. ಕೈಹಾಕಲು ಮನಸ್ಸೇ ಬಾರದ ಕೆಲಸವನ್ನು ಆರಂಭಿಸಲು ಅದು ಬಹಳ ಒಳ್ಳೆಯದು. ಆದರೆ ಬರವಣಿಗೆ, ಪ್ರೋಗ್ರಾಮಿಂಗ್, ಲೆಕ್ಕಪತ್ರಗಳ ತಾಳೆ ನೋಡುವಂಥ ಕೆಲಸಗಳಲ್ಲಿ ಮನಸ್ಸು ಹಿಡಿತಕ್ಕೆ ಬರುವುದಕ್ಕೇ ಇಪ್ಪತ್ತು ನಿಮಿಷ ಬೇಕಾಗುತ್ತದೆ. ಆಗ ಗಂಟೆ ಬಾರಿಸಿತೆಂದು ಏಳುವುದು ನಷ್ಟವೇ. ಟೈಮರ್‌ನಿಂದ ಆರಂಭಿಸಿ, ಕೆಲಸ ಓಡತೊಡಗಿದರೆ ಅದನ್ನು ಆರಿಸಿಬಿಡಿ. ಆ್ಯಪ್‌ಗಳ ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ: ಒಂದು ಕ್ಯಾಲೆಂಡರ್ ಮತ್ತು ಒಂದು ಪಟ್ಟಿ ಇದ್ದರೆ ಸಾಕಾಗುತ್ತದೆ.

ಕುಳಿತುಕೊಳ್ಳುವ ರೀತಿಯನ್ನೂ ಅಲಕ್ಷಿಸಬೇಡಿ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಕೆಳಗಿರಲಿ, ಪರದೆ ಸುಮಾರು ಒಂದು ತೋಳಿನ ದೂರದಲ್ಲಿರಲಿ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವೊಂದನ್ನು 20 ಸೆಕೆಂಡು ನೋಡಿ ಎಂದು ನೇತ್ರತಜ್ಞರು ಹೇಳುವುದು ಸುಮ್ಮನೆ ಅಲ್ಲ. ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಮಧ್ಯಾಹ್ನದ ಮಂಪರಿಗೆ ಕಾಫಿಯ ಮೊರೆ ಹೋಗುವ ಅಭ್ಯಾಸವಿದ್ದರೆ, ದೇಹ ಸೇರಿದ ಕೆಫೀನಿನಲ್ಲಿ ಅರ್ಧದಷ್ಟು ಇಳಿಯುವುದಕ್ಕೇ ಸುಮಾರು ಐದಾರು ಗಂಟೆ ಬೇಕೆಂಬುದನ್ನು ಗಮನದಲ್ಲಿಡಿ. ಅದರ ಬದಲು ಸ್ವಲ್ಪ ನಡೆದಾಡಿ ಬರುವುದು ಲೇಸು.

ಮನೆಯವರ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ಹೇಳಿ ಬಿಟ್ಟಿದ್ದೀರಿ: ಮನೆಯಲ್ಲಿದ್ದೀಯಲ್ಲ ಎಂದು ಹಗಲಿಡೀ ಏನಾದರೊಂದು ಕೆಲಸ ಹೇಳುತ್ತಾರೆ ಎಂದು. ಅವರ ಮೇಲೆ ಸಿಡುಕುವುದರಿಂದ ಇದು ಬಗೆಹರಿಯುವುದಿಲ್ಲ, ಏಕೆಂದರೆ ನೀವು ಯಾವಾಗ ಕೆಲಸದಲ್ಲಿರುತ್ತೀರಿ, ಯಾವಾಗ ಇರುವುದಿಲ್ಲ ಎಂಬುದು ಹಗಲಿನಿಂದ ರಾತ್ರಿಯವರೆಗೆ ಲ್ಯಾಪ್‌ಟಾಪ್ ಮುಂದಿರುವ ನಿಮ್ಮನ್ನು ನೋಡಿದ ಯಾರಿಗೂ ತಿಳಿಯುವಂತಿಲ್ಲ. ಸಂಜೆ ನಿಗದಿತ ಹೊತ್ತಿಗೆ ಎದ್ದು ಬರುತ್ತೀರೆಂಬ ನಂಬಿಕೆ ಅವರಿಗೆ ಬಂದರೆ, ಹಗಲಿನ ಎಷ್ಟೋ ಬೇಡಿಕೆಗಳು ತಾವಾಗಿಯೇ ಸಂಜೆಗೆ ಹೋಗುತ್ತವೆ. ಬಾಗಿಲು ಮುಚ್ಚಿದ್ದರೆ ಕರೆಯಬಾರದು, ಓರೆಯಾಗಿದ್ದರೆ ಬರಬಹುದು ಎಂಬಂಥ ಸರಳ ಒಪ್ಪಂದ ಮಕ್ಕಳಿಗೂ ಅರ್ಥವಾಗುತ್ತದೆ. ಚಿಕ್ಕ ಮಗು ಅಥವಾ ಕಾಯಿಲೆಯವರ ಆರೈಕೆ ನಿಮ್ಮೊಬ್ಬರ ಮೇಲೇ ಇದ್ದರೆ ಈ ಉಪಾಯ ನಡೆಯುವುದಿಲ್ಲ. ಆಗ ಬೇಕಾದದ್ದು ದಿನಚರಿಯ ಸಲಹೆಗಿಂತ, ಆ ಹೊಣೆಯನ್ನು ಕೆಲವು ಗಂಟೆ ಹಂಚಿಕೊಳ್ಳುವ ಇನ್ನೊಂದು ಕೈ.

ಒಂಟಿತನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮೇಲೆ ಹೇಳಿದ ಸಿಟ್ರಿಪ್ ಪ್ರಯೋಗ ಮುಗಿದ ಮೇಲೆ ಸಿಬ್ಬಂದಿಗೆ ಮತ್ತೆ ಆಯ್ಕೆ ಕೊಟ್ಟಾಗ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಹಿಂದಿನ ಆಯ್ಕೆಯನ್ನು ಬದಲಿಸಿದರು; ಮನೆಯಿಂದ ಕಚೇರಿಗೆ ಮರಳಿದವರು ಹೇಳಿದ ಮುಖ್ಯ ಕಾರಣಗಳಲ್ಲಿ ಒಂಟಿತನವೂ ಒಂದು. ವಾರಕ್ಕೊಂದು ದಿನವಾದರೂ ಸಹೋದ್ಯೋಗಿಗಳ ಜೊತೆ ಅಥವಾ ಗ್ರಂಥಾಲಯದಂಥ ಜಾಗದಲ್ಲಿ ಕುಳಿತು ಕೆಲಸ ಮಾಡಲು ಸಾಧ್ಯವಿದ್ದರೆ ಹಾಗೆ ಮಾಡಿ.

ಇಷ್ಟನ್ನೂ ನಾಳೆಯೇ ಆರಂಭಿಸಬೇಡಿ. ಮೊದಲ ಎರಡು ವಾರ ಸಂಜೆಯ ಹೊತ್ತು ಮತ್ತು ಆ ಚೀಟಿ, ಇವೆರಡನ್ನು ಮಾತ್ರ ಹಿಡಿಯಿರಿ. ಬೆಳಗಿನ ಮೌನದ ಅವಧಿಯನ್ನು ಆಮೇಲೆ ಸೇರಿಸಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಗಮನಿಸಿ ಮಾಡಿದ ಅಧ್ಯಯನದಲ್ಲಿ, ಹೊಸ ಅಭ್ಯಾಸವೊಂದು ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಹಿಡಿದ ಕಾಲ 18 ದಿನಗಳಿಂದ 254 ದಿನಗಳವರೆಗೆ ಇರುವುದಾಗಿ ಅಂದಾಜಾಗಿತ್ತು; ನಡುವಿನ ಅಂಕಿ 66 ದಿನ. ಮಧ್ಯೆ ಒಂದು ದಿನ ತಪ್ಪಿದರೆ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ ಎಂಬುದನ್ನೂ ಅವರು ಕಂಡುಕೊಂಡರು. ಒಂದು ಸಂಜೆ ಕೆಲಸ ಎಂಟರವರೆಗೆ ಎಳೆದರೂ ಚೀಟಿ ಬರೆದೇ ಏಳಿ, ಮರುದಿನ ಮತ್ತೆ ಆರಕ್ಕೇ ಮುಚ್ಚಿ. ನಿಮ್ಮ ಕೆಲಸ ಪಾಳಿಯದ್ದಾಗಿದ್ದರೆ ಅಥವಾ ತಂಡದವರು ಬೇರೆ ಕಾಲವಲಯದಲ್ಲಿದ್ದರೆ ತಿಳಿಸಿ. ಆಗ ನಿಲ್ಲಿಸುವ ಹೊತ್ತನ್ನು ಗೊತ್ತುಮಾಡುವ ಕ್ರಮ ಬೇರೆಯಾಗುತ್ತದೆ, ಅದನ್ನು ಬರೆಯುತ್ತೇನೆ.