ತಂಗಿಗೆ ಬೈಪೋಲಾರ್ ಎಂದಿದ್ದಾರೆ; ಮೆದುಳಿನ ಸ್ಕ್ಯಾನ್ ಮಾಡಿಸದೆ ಲಿಥಿಯಂ ಶುರು ಮಾಡಬಹುದೇ?

ಬೈಪೋಲಾರ್ ಎಂದರೆ ಅತಿ ಉತ್ಸಾಹದ ಉನ್ಮಾದವೂ ಮಂಕೂ ಸರದಿಯಲ್ಲಿ ಬರುವ ಮನೋರೋಗ, ಲಿಥಿಯಂ ಅದಕ್ಕೆ ಕೊಡುವ ಔಷಧಿ. ಬೀದರಿನ ನಿಮ್ಮ ಮನೆಯಲ್ಲಿ ಈಗ ನಡೆಯುತ್ತಿರುವ ವಾದ 2014ರಲ್ಲಿ ಕಲಬುರಗಿಯ ನಮ್ಮ ಮನೆಯಲ್ಲೂ ನಡೆದಿತ್ತು. ವೈದ್ಯರು ಬರೀ ಮಾತಾಡಿಸಿ ಕಾಯಿಲೆಗೆ ಹೆಸರಿಟ್ಟಿದ್ದಾರೆ, ಹೈದರಾಬಾದಿನಲ್ಲಿ ಎಂಆರ್‌ಐ ಮತ್ತು ಜೀನ್ ಪರೀಕ್ಷೆ ಮಾಡಿಸಿ ಖಚಿತವಾದ ಮೇಲೆಯೇ ಮಾತ್ರೆ ಕೊಡೋಣ ಎನ್ನುವ ನಿಮ್ಮ ಮಾತನ್ನು ಅಂದು ಆಡಿದವನು ನಾನು.

ನನ್ನ ತಮ್ಮನಿಗೆ ಆಗ 26 ವರ್ಷ. ತೊಗರಿಬೇಳೆ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಹಿಂದಿನ ವರ್ಷ ಮೂರು ತಿಂಗಳು ಮಂಕು ಬಡಿದವನಂತೆ ಮೂಲೆ ಹಿಡಿದಿದ್ದವನು, ಆ ಬೇಸಿಗೆಯಲ್ಲಿ ಒಂಬತ್ತು ದಿನ ಸರಿಯಾಗಿ ಕಣ್ಣು ಮುಚ್ಚದೆ, ನಡುರಾತ್ರಿ ನೆಂಟರಿಗೆಲ್ಲ ಫೋನ್ ಹಚ್ಚುತ್ತ, ಸಾಲ ಮಾಡಿ ಎರಡು ಹಳೆಯ ಆಟೋ ಕೊಂಡು, ತಾನೇ ಮಿಲ್ಲು ಹಾಕುತ್ತೇನೆಂದು ಓಣಿಯಲ್ಲೆಲ್ಲ ಸಾರಿದ. ಅವ್ವ ಅವನನ್ನು ಗಾಣಗಾಪುರದ ದತ್ತ ಸನ್ನಿಧಿಗೆ ಕರೆದೊಯ್ದಳು. ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುವ ನನಗೆ ಅದು ನಗೆಗೇಡೆನಿಸಿ, ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ಅವರು ತಮ್ಮ, ಅವ್ವ, ನಾನು ಮೂವರನ್ನೂ ಬೇರೆ ಬೇರೆ ಕೂರಿಸಿ ಒಂದೂವರೆ ಗಂಟೆ ವಿಚಾರಿಸಿದರು, ಥೈರಾಯ್ಡ್ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ ಲಿಥಿಯಂ ಬರೆದರು. ಎರಡು ತಿಂಗಳಲ್ಲಿ ತಮ್ಮ ಮತ್ತೆ ಮಿಲ್ಲಿಗೆ ಹೋಗತೊಡಗಿದ.

ಆದರೆ ಅವನ ಕೈ ಸಣ್ಣಗೆ ನಡುಗುತ್ತಿತ್ತು, ಬಾಯಾರಿಕೆ ಹೆಚ್ಚಾಗಿತ್ತು. ಯಾವ ಪುರಾವೆಯ ಮೇಲೆ ಇವನಿಗೆ ಇದನ್ನು ತಿನ್ನಿಸುತ್ತಿದ್ದೇವೆ ಎಂಬ ಪ್ರಶ್ನೆ ನನ್ನನ್ನು ಕೊರೆಯಿತು. ವೈದ್ಯರಿಗೆ ತಿಳಿಸದೆ ಅವನನ್ನು ಹೈದರಾಬಾದಿಗೆ ಕರೆದೊಯ್ದು, ಓಡಾಟ ಸೇರಿ 14,000 ರೂಪಾಯಿ ಸುರಿದು ಎಂಆರ್‌ಐ ಮಾಡಿಸಿದೆ. ವರದಿಯಲ್ಲಿ ಮೆದುಳು ಸಹಜವಾಗಿದೆ ಎಂದಿತ್ತು. ಮರಳುವ ರೈಲಿನಲ್ಲೇ ಅವ್ವನಿಗೆ ಫೋನ್ ಮಾಡಿ, "ತಲಿ ಏಕದಂ ಸಾಫ್ ಅದ, ಏನೂ ಇಲ್ಲ" ಎಂದೆ. ಆ ರಾತ್ರಿಯಿಂದ ಮಾತ್ರೆ ನಿಲ್ಲಿಸಿದೆ.

ನನ್ನ ತಪ್ಪು ಸ್ಕ್ಯಾನ್ ಮಾಡಿಸಿದ್ದಲ್ಲ, ಅದು ಕೊಡದ ಉತ್ತರವನ್ನು ಅದರಿಂದ ಕಿತ್ತುಕೊಂಡದ್ದು. ಎಂಆರ್‌ಐ ತೋರಿಸುವುದು ಮೆದುಳಿನ ರಚನೆಯನ್ನು: ಗಡ್ಡೆ, ರಕ್ತಸ್ರಾವ, ಪೆಟ್ಟಿನ ಗುರುತು. ಬೈಪೋಲಾರ್ ಇರುವ ನೂರಾರು ಜನರ ಸರಾಸರಿಯಲ್ಲಿ ಸಂಶೋಧಕರು ಸಣ್ಣ ವ್ಯತ್ಯಾಸಗಳನ್ನು ಕಂಡಿದ್ದಾರಾದರೂ, ಒಬ್ಬ ವ್ಯಕ್ತಿಯ ಚಿತ್ರವನ್ನು ಬೆಳಕಿಗೆ ಹಿಡಿದು ಇದೆ ಅಥವಾ ಇಲ್ಲ ಎನ್ನಲು ಅವು ಸಾಲವು. ಅಂದಮೇಲೆ ಕಾಯಿಲೆ ಇದ್ದರೂ ವರದಿ ಸಹಜವೆಂದೇ ಬರುತ್ತಿತ್ತು, ಇಲ್ಲದಿದ್ದರೂ ಹಾಗೆಯೇ ಬರುತ್ತಿತ್ತು. ಎರಡೂ ಸ್ಥಿತಿಯಲ್ಲಿ ಒಂದೇ ಫಲ ಕೊಡುವ ಪ್ರಯೋಗದಿಂದ ಏನೂ ಸಾಬೀತಾಗದು ಎಂದು ಒಂಬತ್ತನೇ ತರಗತಿಗೆ ಪಾಠ ಹೇಳುವವನು ನಾನು! ಅರೆದಲೆನೋವಿನವರ ಸ್ಕ್ಯಾನ್ ಕೂಡ ಸಾಮಾನ್ಯವಾಗಿ ಸಹಜವಾಗಿಯೇ ಇರುತ್ತದೆ, ಆದರೆ ಅವರ ನೋವನ್ನು ಯಾರೂ ಸುಳ್ಳೆನ್ನುವುದಿಲ್ಲ. ಇದರ ಮೇಲೆ ಇನ್ನೊಂದು ಅವಿವೇಕ: ಲಿಥಿಯಂ ಅನ್ನು ಹಠಾತ್ತನೆ ನಿಲ್ಲಿಸಿದರೆ ಉನ್ಮಾದ ಬೇಗ ಮರುಕಳಿಸುವ ಅಪಾಯವಿದೆ ಎಂಬುದನ್ನು ವೈದ್ಯರು ಮೊದಲೇ ಎಚ್ಚರಿಸಿದ್ದರು.

ಐದನೇ ವಾರ ತಮ್ಮ ನಿದ್ದೆ ಬಿಟ್ಟ. ನನಗೆ ತಿಳಿಯುವಷ್ಟರಲ್ಲಿ ಆಳಂದ ತಾಲ್ಲೂಕಿನ ನಮ್ಮ ಹೊಲದಲ್ಲಿ ತನ್ನ ಪಾಲಿನ 2 ಎಕರೆಯನ್ನು ಸಿಕ್ಕ ಬೆಲೆಗೆ ಬರೆದುಕೊಟ್ಟಿದ್ದ. ಆಮೇಲೆ ಬಿದ್ದ ಮಂಕಿನಲ್ಲಿ ಅನ್ನ ನೀರು ಬಿಟ್ಟಾಗ ಇಸಿಟಿ, ಅಂದರೆ ಜನ ಶಾಕ್ ಎನ್ನುವ ಚಿಕಿತ್ಸೆ, ಆರು ಬಾರಿ ಕೊಡಬೇಕಾಯಿತು. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಕೊಟ್ಟೇ ಮಾಡಿದರು. ಅವೆರಡಿಲ್ಲದೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಮೂರನೆಯದರ ನಂತರ ಅವನೇ ರೊಟ್ಟಿ ಕೇಳಿದ. ಹೊಲ ಮಾತ್ರ ಮರಳಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಮಾತಾಡಿಸುವುದು ಪರೀಕ್ಷೆಗೆ ಬದಲಿಯಲ್ಲ. ಈ ಕಾಯಿಲೆಗೆ ಸದ್ಯ ಅದೇ ಪರೀಕ್ಷೆ. ಒಂದು ಕಾಲಕ್ಕೆ ಹುಚ್ಚಾಸ್ಪತ್ರೆಗಳನ್ನು ತುಂಬಿದ್ದ ಒಂದು ಬಗೆಯ ಬುದ್ಧಿಭ್ರಮೆಯಿಂದ ಸತ್ತವರ ಮೆದುಳಿನಲ್ಲಿ 1913ರಲ್ಲಿ ನೊಗುಚಿ ಮತ್ತು ಮೂರ್ ಸಿಫಿಲಿಸ್ ರೋಗಾಣುವನ್ನೇ ಕಂಡರು. ನಿಮ್ಮ ತಂಗಿಯ ಕಾಯಿಲೆಗೆ, ಮೆದುಳಿನಲ್ಲೇ ಕಾರಣ ಕಾಣಿಸುವ ಅಂಥ 1913 ಇನ್ನೂ ಬಂದಿಲ್ಲ. ಅದು ಬರಲೆಂದು ಕಾಯದೆಯೇ, 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಲಿಥಿಯಂ ಫಲ ಕೊಡುವುದನ್ನು ತೋರಿಸಿದರು. ಬೈಪೋಲಾರ್ ಇದೆಯೆಂದು ಹೇಳುವ ಜೀನ್ ಪರೀಕ್ಷೆಯೂ ಇಲ್ಲ. ಇದೇ ಕಾಯಿಲೆಗೆ ಕೆಲವೊಮ್ಮೆ ಬರೆಯುವ ಕಾರ್ಬಮಝೆಪಿನ್ ಕೊಡುವ ಮುನ್ನ ಎಚ್‌ಎಲ್‌ಎ-ಬಿ 1502 ಎಂಬ ಜೀನ್ ನೋಡಿಸಿದರೆ ಅದಕ್ಕೆ ಅರ್ಥವುಂಟು, ಏಕೆಂದರೆ ಆ ಜೀನ್ ಇದ್ದವರಿಗೆ ಆ ಔಷಧಿಯಿಂದ ಚರ್ಮ ಸುಲಿಯುವ ಮಾರಕ ಅಲರ್ಜಿ ಆಗಬಹುದು. ಫಿಟ್ಸ್, ತಲೆಗೆ ಪೆಟ್ಟು, ಕೈಕಾಲಿನ ದೌರ್ಬಲ್ಯ ಇದ್ದು ವೈದ್ಯರೇ ಸ್ಕ್ಯಾನ್ ಬೇಕೆಂದರೆ ಖಂಡಿತ ಮಾಡಿಸಿ.

ಹೈದರಾಬಾದಿನ ಹಣವನ್ನು ರಕ್ತಪರೀಕ್ಷೆಗೆ ಇಡಿ. ಥೈರಾಯ್ಡ್ ಅತಿಯಾದರೂ ಉನ್ಮಾದದಂತೆ ಕಾಣಬಹುದು, ಲಿಥಿಯಂ ಹೊರಹೋಗುವುದು ಮೂತ್ರಪಿಂಡದಿಂದ; ಅದಕ್ಕೇ ಆ ಎರಡು ಪರೀಕ್ಷೆ, ಆರು ತಿಂಗಳಿಗೊಮ್ಮೆ. ಲಿಥಿಯಂ ಮಟ್ಟಕ್ಕೆ ಕೊನೆಯ ಮಾತ್ರೆಯ 12 ಗಂಟೆಗಳ ನಂತರ ರಕ್ತ ಕೊಡಬೇಕು. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕು. ನಮ್ಮ ಭಾಗದ ಬೇಸಿಗೆಯಲ್ಲಿ ಬೆವರು ಹರಿದು ನೀರು ಕಡಿಮೆಯಾದರೆ ಅದು ಏರುತ್ತದೆ. ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆಗಳಿಂದಲೂ ಏರುತ್ತದೆ. ವಾಂತಿ, ಭೇದಿ, ಜೋರು ನಡುಕ, ತೂರಾಡುವ ನಡಿಗೆ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ತಂಗಿ ಮುಂದೆ ಮಗು ಬಯಸುವವಳಾದರೆ ಅದನ್ನು ವೈದ್ಯರಿಗೆ ಈಗಲೇ ಹೇಳಿ, ಏಕೆಂದರೆ ಇದೇ ಕಾಯಿಲೆಗೆ ಬರೆಯುವ ವಾಲ್‌ಪ್ರೊಯೇಟ್ ಗರ್ಭಕ್ಕೆ ಹಾನಿಕರ. ರೋಗನಿರ್ಣಯದ ಮೇಲೆ ಸಂಶಯವಿದ್ದರೆ ಇನ್ನೊಬ್ಬ ಮನೋವೈದ್ಯರನ್ನು ಕಾಣಿರಿ. ರಾತ್ರಿ ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಹೈದರಾಬಾದಿನ ಆ ಫಿಲ್ಮಿನ ದೊಡ್ಡ ಲಕೋಟೆ ಇನ್ನೂ ನಮ್ಮ ಅಲಮಾರಿನಲ್ಲಿದೆ. ತಮ್ಮ ಅದರ ಬೆನ್ನಿನ ಮೇಲೆ ತನ್ನ ಲಿಥಿಯಂ ಮಟ್ಟವನ್ನು ತಾರೀಖಿನ ಸಮೇತ ಬರೆದಿಡುತ್ತಾನೆ, ಮಿಲ್ಲಿನ ಖಾತೆ ಬರೆದಷ್ಟೇ ಅಚ್ಚುಕಟ್ಟಾಗಿ. ಕೊನೆಯ ಸಾಲಿನಲ್ಲಿ 0.7 ಎಂದಿದೆ.