ದೋಣಿಗಿಂತ ಮೊದಲು ಬಾಗಿಲಿನ ಬಗ್ಗೆ ಬರೆಯಿರಿ

ನಮಸ್ಕಾರ.

ನೀವು ಕಳಿಸಿದ ಕತೆಯನ್ನು ಎರಡು ಸಲ ಓದಿದೆ. ಕಾಬೂಲಿನ ಒಬ್ಬ ಮೇಷ್ಟ್ರು. ಹುಡುಗಿಯರಿಗೆ ಹೈಸ್ಕೂಲು ಮುಚ್ಚಿದ ಮೇಲೆ ಅವರು ಮನೆಯಲ್ಲೇ ಗುಟ್ಟಾಗಿ ಪಾಠ ಹೇಳಿಕೊಡುತ್ತಾರೆ. ಬೆದರಿಕೆ ಬರುತ್ತದೆ, ಊರು ಬಿಡುತ್ತಾರೆ. ಕೊನೆಗೆ ಫ್ರಾನ್ಸಿನ ದಡದಿಂದ ರಬ್ಬರ್ ದೋಣಿ ಹತ್ತಿ ಇಂಗ್ಲೆಂಡ್ ಸೇರುತ್ತಾರೆ. ಕತೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡಬೇಡಿ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಪತ್ರ ಸ್ವಲ್ಪ ಉದ್ದವಾಗಬಹುದು.

ಹದಿನಾಲ್ಕು ಪುಟದಲ್ಲಿ ಒಂಬತ್ತು ಪುಟ ದೋಣಿಯದೇ. ಕತ್ತಲು, ಚಳಿ, ಅಲೆ, ಮಗುವಿನ ಅಳು. ನಿಮ್ಮ ಕೈ ಚೆನ್ನಾಗಿದೆ, ಓದುವಾಗ ಮೈ ನಡುಗುತ್ತದೆ. ಆದರೂ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಮನುಷ್ಯ ವಿಮಾನ ಯಾಕೆ ಹತ್ತಲಿಲ್ಲ? ಮನೆ ಮಾರಿದ ದುಡ್ಡನ್ನೆಲ್ಲ ದಲ್ಲಾಳಿಗಳಿಗೆ ಸುರಿದರು ಅಂತ ನೀವೇ ಬರೆದಿದ್ದೀರಿ. ಅಷ್ಟು ದುಡ್ಡಿಗೆ ಎಷ್ಟೋ ಟಿಕೆಟ್ ಬರುತ್ತಿತ್ತು. ಓದುಗರಿಗೆ ಇದು ಹೊಳೆಯದೆ ಇರುವುದಿಲ್ಲ. ಉತ್ತರ ಸಿಗದಿದ್ದರೆ ಅವರು ತಾವೇ ಒಂದು ಉತ್ತರ ಕಟ್ಟಿಕೊಳ್ಳುತ್ತಾರೆ: ಏನೋ ಮುಚ್ಚಿಡಲು ಇದ್ದಿರಬೇಕು. ನಿಮ್ಮ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ.

ನಿಜವಾದ ಉತ್ತರ ಹೀಗಿದೆ. ಬ್ರಿಟನ್ನಿನಲ್ಲಿ ಆಶ್ರಯ ಕೇಳಬೇಕಾದರೆ ಆ ನೆಲದ ಮೇಲೆ ನಿಂತಿರಬೇಕು. ಅಲ್ಲಿಗೆ ಕಾಲಿಡಲು ಅಫ್ಘನ್ನರಿಗೆ ವೀಸಾ ಬೇಕು. ಆಶ್ರಯ ಕೇಳಲೆಂದೇ ಕೊಡುವ ವೀಸಾ ಮಾತ್ರ ಇಲ್ಲ. ಪ್ರವಾಸಿ ವೀಸಾ ಕೇಳಬಹುದಲ್ವಾ ಅಂದರೆ, ವಾಪಸ್ ಹೋಗುತ್ತೇನೆ ಎಂದು ನಂಬಿಸಬೇಕು. ನಿಜ ಹೇಳಿದರೆ ವೀಸಾ ಸಿಗದು. ಸುಳ್ಳು ಹೇಳಿದರೆ ಅದೇ ಸುಳ್ಳು ಮುಂದೆ ಕೊರಳಿಗೆ ಸುತ್ತಿಕೊಳ್ಳುತ್ತದೆ. ವೀಸಾ ಇಲ್ಲದವರನ್ನು ಕರೆತಂದ ವಿಮಾನ ಕಂಪನಿಗೆ ಬ್ರಿಟನ್ ತಲೆಗೆ 2,000 ಪೌಂಡ್ ದಂಡ ಹಾಕುತ್ತದೆ. ಇಂಥ ದಂಡದ ಕಾನೂನು 1987ರಿಂದಲೂ ಇದೆ. ಹಾಗಾಗಿ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೂತ ಹುಡುಗಿ ಪಾಸ್‌ಪೋರ್ಟಿನ ಪುಟ ತಿರುವಿ ‘ಆಗಲ್ಲ ಸರ್’ ಅನ್ನುತ್ತಾಳೆ. ಜೀವಕ್ಕೆ ಅಪಾಯ ಇದೆಯಾ ಅಂತ ಕೇಳುವುದು ಅವಳ ಕೆಲಸ ಅಲ್ಲ. ಬ್ರಿಟನ್ನಿನ ಗಡಿ ಅಲ್ಲಿಂದಲೇ ಶುರುವಾಗುತ್ತದೆ.

ಆ ಕೌಂಟರ್ ನಿಮ್ಮ ಕತೆಯಲ್ಲಿ ಇಲ್ಲ. ನನ್ನ ದೊಡ್ಡ ತಕರಾರು ಇದೇ. ಅಲೆಗಳು ಯಾರನ್ನೂ ದೋಣಿಗೆ ದೂಡಲಿಲ್ಲ. ದೂಡಿದ್ದು ಆ ಮುಚ್ಚಿದ ಬಾಗಿಲು. 2022ರಲ್ಲಿ ರಷ್ಯಾ ದಾಳಿ ಮಾಡಿದಾಗ ಉಕ್ರೇನಿನವರಿಗೆ ಬ್ರಿಟನ್ ಬೇರೆಯೇ ದಾರಿ ತೆರೆಯಿತು. ಆನ್‌ಲೈನ್ ಅರ್ಜಿ, ವೀಸಾಕ್ಕೆ ಶುಲ್ಕ ಇಲ್ಲ, ಮನೆಯಲ್ಲಿ ಇಟ್ಟುಕೊಳ್ಳಲು ಮುಂದೆ ಬಂದ ಕುಟುಂಬಗಳು. ಎರಡು ಲಕ್ಷಕ್ಕೂ ಜಾಸ್ತಿ ಜನ ಬಂದರು. ಅವರು ರಬ್ಬರ್ ದೋಣಿ ಹುಡುಕಬೇಕಾಗಲಿಲ್ಲ. ಇದನ್ನು ಕತೆಯೊಳಗೆ ಭಾಷಣ ಮಾಡಿ ತುರುಕಬೇಡಿ. ಫ್ರಾನ್ಸಿನ ಡೇರೆಯಲ್ಲಿ ಕೂತ ಮೇಷ್ಟ್ರು ಫೋನಿನಲ್ಲಿ ಆ ಸುದ್ದಿ ನೋಡಲಿ, ಪಕ್ಕದವನಿಗೆ ತೋರಿಸಲಿ. ಅಷ್ಟು ಸಾಕು.

ಹನ್ನೊಂದನೇ ಪುಟದಲ್ಲಿ ಇಂಗ್ಲೆಂಡಿನ ಅಧಿಕಾರಿ ‘ಸಾಲಿನಲ್ಲಿ ನಿಂತು ಬರಬೇಕಿತ್ತು’ ಅನ್ನುತ್ತಾನೆ. ಮೇಷ್ಟ್ರು ತಲೆ ತಗ್ಗಿಸುತ್ತಾರೆ. ಯಾವ ಸಾಲು? ಅಫ್ಘನ್ನರಿಗೆ ಎರಡು ಯೋಜನೆ ಇದ್ದವು. ಒಂದು ಬ್ರಿಟಿಷರ ಜೊತೆ ಕೆಲಸ ಮಾಡಿದವರಿಗೆ. ಇನ್ನೊಂದರಲ್ಲಿ ಬಹುಪಾಲು ಜನ ತಾವಾಗಿ ಅರ್ಜಿ ಹಾಕುವ ಹಾಗಿರಲಿಲ್ಲ, ಬೇರೆಯವರು ಆರಿಸಬೇಕಿತ್ತು. 2025ರ ಜುಲೈ 1ರಂದು ಎರಡನ್ನೂ ಹೊಸಬರಿಗೆ ಮುಚ್ಚಿದರು. ವಿಶ್ವಸಂಸ್ಥೆಯ ಮೂಲಕ ಬೇರೆ ದೇಶಗಳಲ್ಲಿ ನೆಲೆ ಪಡೆಯುವವರು ಜಗತ್ತಿನ ಒಟ್ಟು ನಿರಾಶ್ರಿತರಲ್ಲಿ ವರ್ಷಕ್ಕೆ ನೂರಕ್ಕೆ ಒಬ್ಬರೂ ಇಲ್ಲ. ಅಧಿಕಾರಿ ಆ ಮಾತು ಹೇಳಲಿ, ಹೇಳುವವರು ಇದ್ದಾರೆ. ಆದರೆ ಮೇಷ್ಟ್ರು ತಲೆ ತಗ್ಗಿಸಬಾರದು. ‘ಆ ಸಾಲು ಎಲ್ಲಿದೆ, ತೋರಿಸಿ’ ಅಂತ ಕೇಳಲಿ.

ಇನ್ನು ಒಂದು ಪದ. ‘ಅಕ್ರಮ ವಲಸಿಗ’ ಅಂತ ನೀವು ಏಳು ಕಡೆ ಬರೆದಿದ್ದೀರಿ, ಅದೂ ನಿರೂಪಣೆಯಲ್ಲಿ. ಕೇಡು ಬಯಸಿ ಬರೆದದ್ದಲ್ಲ, ಸುದ್ದಿಗಳಲ್ಲಿ ಕೇಳಿ ಕೇಳಿ ಬಂದದ್ದು ಅಂತ ಗೊತ್ತು. ಆದರೆ ಆಶ್ರಯ ಕೋರುವುದು ಹಕ್ಕು ಅಂತ 1948ರ ಮಾನವ ಹಕ್ಕುಗಳ ಘೋಷಣೆಯ 14ನೇ ವಿಧಿ ಹೇಳುತ್ತದೆ. 1951ರ ನಿರಾಶ್ರಿತರ ಒಪ್ಪಂದದ 31ನೇ ವಿಧಿ ಇನ್ನೂ ಮುಂದೆ ಹೋಗುತ್ತದೆ. ಅಪಾಯವಿದ್ದ ಕಡೆಯಿಂದ ನೇರವಾಗಿ ಬಂದು, ತಡಮಾಡದೆ ಅಧಿಕಾರಿಗಳ ಮುಂದೆ ನಿಂತು ಕಾರಣ ತಿಳಿಸಿದವರಿಗೆ, ಅನುಮತಿ ಇಲ್ಲದೆ ಬಂದರು ಅನ್ನುವ ಒಂದೇ ಕಾರಣಕ್ಕೆ ಶಿಕ್ಷೆ ಕೊಡಬಾರದು. ಆ ಒಪ್ಪಂದ ಬರೆದವರು ಎರಡನೇ ಮಹಾಯುದ್ಧವನ್ನು ಕಣ್ಣಾರೆ ಕಂಡಿದ್ದರು. ಓಡಿ ಬರುವವರ ಕೈಯಲ್ಲಿ ಸರಿಯಾದ ಕಾಗದ ಇರುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಇನ್ನೊಂದು ಕಡೆ, 2022ರ ಬ್ರಿಟಿಷ್ ಕಾನೂನು ಹಾಗೆ ಬಂದಿಳಿಯುವುದನ್ನೇ ಅಪರಾಧ ಮಾಡಿದೆ, ನಾಲ್ಕು ವರ್ಷದವರೆಗೆ ಜೈಲು. ಈ ಎರಡರ ನಡುವೆ ನಿಮ್ಮ ಮೇಷ್ಟ್ರು ಸಿಕ್ಕಿಕೊಂಡಿದ್ದಾರೆ. ಆ ಪದವನ್ನು ಅಧಿಕಾರಿಯ ಬಾಯಿಗೆ ಕೊಡಿ. ನಿಮ್ಮ ಬಾಯಲ್ಲಿ ಬೇಡ.

ಫ್ರಾನ್ಸಿನಲ್ಲೇ ಯಾಕೆ ನಿಲ್ಲಲಿಲ್ಲ ಅಂತಲೂ ಕೇಳುತ್ತಾರೆ. ‘ನೇರವಾಗಿ’ ಅನ್ನುವ ಪದ ಹಿಡಿದೇ ಕೇಳುತ್ತಾರೆ. ಮೊದಲು ಸಿಕ್ಕ ದೇಶದಲ್ಲೇ ಆಶ್ರಯ ಕೇಳಬೇಕು ಅಂತ ಒಪ್ಪಂದದಲ್ಲಿ ಎಲ್ಲೂ ಬರೆದಿಲ್ಲ. ಎಲ್ಲಿ ಆಶ್ರಯ ಕೇಳಬೇಕು ಅನ್ನುವುದರಲ್ಲಿ ನಿರಾಶ್ರಿತರಿಗೆ ಸ್ವಲ್ಪ ಆಯ್ಕೆ ಇದೆ ಅಂತ 1999ರಲ್ಲಿ ಇಂಗ್ಲೆಂಡಿನ ಹೈಕೋರ್ಟೇ ಹೇಳಿತ್ತು. ದೇಶ ಬಿಟ್ಟ ಅಫ್ಘನ್ನರಲ್ಲಿ ಹೆಚ್ಚಿನವರು ಇರುವುದು ಪಕ್ಕದ ಇರಾನ್, ಪಾಕಿಸ್ತಾನಗಳಲ್ಲೇ. ನಿಮ್ಮ ಕತೆಯಲ್ಲಿ ಮೇಷ್ಟ್ರ ತಮ್ಮ ಬರ್ಮಿಂಗ್‌ಹ್ಯಾಮಿನಲ್ಲಿ ಇದ್ದಾನೆ ಅಂತ ಒಂದೇ ಸಾಲು ಬಂದು ಹೋಗುತ್ತದೆ. ಉತ್ತರ ಅಲ್ಲೇ ಇದೆ. ಆ ತಮ್ಮನಿಗೆ ಜಾಗ ಕೊಡಿ.

ನಿಮ್ಮ ಮೇಷ್ಟ್ರು ಜಾಸ್ತಿ ಒಳ್ಳೆಯವರಾಗಿಬಿಟ್ಟಿದ್ದಾರೆ. ಕೋಪ ಇಲ್ಲ, ಸ್ವಾರ್ಥ ಇಲ್ಲ, ಒಂದು ಸುಳ್ಳೂ ಇಲ್ಲ. ರಕ್ಷಣೆ ಪಡೆಯಲು ಸಂತರಾಗಿರಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ. ಭಯಕ್ಕೆ ತಕ್ಕ ಆಧಾರ ಇರಬೇಕು ಅನ್ನುತ್ತದೆ. ಅದನ್ನು ಅಳೆಯುವುದು ಆಶ್ರಯ ಕೋರಿದವರನ್ನು ಅಧಿಕಾರಿಗಳು ಪ್ರಶ್ನಿಸುವ ಸಂದರ್ಶನದ ಕೋಣೆಯಲ್ಲಿ. ನೀವು ಅದನ್ನು ನಾಲ್ಕು ಸಾಲಿನಲ್ಲಿ ಮುಗಿಸಿದ್ದೀರಿ, ನನಗೆ ತುಂಬಾ ಬೇಸರವಾಯಿತು. ಯೋಚಿಸಿ. ಪಂಚಾಂಗವೇ ಬೇರೆ. ಕಾಬೂಲು ತಾಲಿಬಾನಿಗಳ ಕೈಗೆ ಹೋದದ್ದು ನಮಗೆ 2021ರ ಆಗಸ್ಟ್ 15. ಮೇಷ್ಟ್ರಿಗೆ ಅದು 1400ನೇ ವರ್ಷ, ಅಸದ್ ತಿಂಗಳ 24. ಬೆದರಿಕೆ ಚೀಟಿ ಬಂದ ದಿನ ಯಾವುದು ಅಂತ ಕೇಳಿದರೆ ಅವರು ತಮ್ಮ ಲೆಕ್ಕದಲ್ಲಿ ಹೇಳುತ್ತಾರೆ, ದುಭಾಷಿ ಅವಸರದಲ್ಲಿ ಲೆಕ್ಕ ತಪ್ಪುತ್ತಾನೆ. ಹಿಂದೆ ಕೊಟ್ಟ ಹೇಳಿಕೆಗೂ ಇದಕ್ಕೂ ಒಂದು ತಿಂಗಳ ವ್ಯತ್ಯಾಸ. ‘ಮಾತಿಗೆ ಮಾತು ಹೊಂದುತ್ತಿಲ್ಲ’ ಅಂತ ಫೈಲಿನಲ್ಲಿ ದಾಖಲಾಗುತ್ತದೆ. ಸಮುದ್ರ ದಾಟಿದ ಮನುಷ್ಯ ಒಂದು ತಾರೀಖಿನಲ್ಲಿ ಮುಳುಗಬಹುದು. ನಿಮ್ಮ ಒಂಬತ್ತು ಪುಟದ ಅಲೆಗಳಿಗಿಂತ ಈ ಕೋಣೆ ನನ್ನನ್ನು ಹೆಚ್ಚು ಹೆದರಿಸುತ್ತದೆ.

‘ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ’ ಗಾದೆ ಮೂರು ಕಡೆ ಇದೆ. ಮೂರನ್ನೂ ತೆಗೆಯಿರಿ. 2021ರ ನವೆಂಬರ್ 24ರಂದು ಫ್ರಾನ್ಸಿಗೂ ಇಂಗ್ಲೆಂಡಿಗೂ ನಡುವಿನ ಸಮುದ್ರದಲ್ಲಿ, ಅಂದರೆ ಇಂಗ್ಲಿಷ್ ಕಾಲುವೆಯಲ್ಲಿ, ಒಂದೇ ದೋಣಿಯ ಕನಿಷ್ಠ 27 ಜನ ಸತ್ತರು. ಉಳಿದು ಬಂದವರು ಇಬ್ಬರೇ. ಕಾಪಾಡಿ ಅಂತ ದೋಣಿಯಲ್ಲಿದ್ದವರು ಫೋನ್ ಮಾಡಿ ಬೇಡಿದ್ದರು. ಅಂಥ ಸಾವಿನ ಪಕ್ಕ ಗಾದೆ ನಿಲ್ಲುವುದಿಲ್ಲ. ‘ವಲಸಿಗರ ಪ್ರವಾಹ’ ಅನ್ನುವುದೂ ಬೇಡ, ಅವರು ನೀರಲ್ಲ. ಕೊನೆಯ ಪ್ಯಾರಾದಲ್ಲಿ ಸಮುದ್ರವೇ ಮನುಷ್ಯತ್ವದ ಬಗ್ಗೆ ಮಾತಾಡುತ್ತದಲ್ಲ, ಅದನ್ನು ಪೂರ್ತಿ ಹೊಡೆದುಹಾಕಿ. ತಮ್ಮನ ಫೋನ್ ರಿಂಗಾಗುವಲ್ಲಿಗೇ ಕತೆ ಮುಗಿದಿದೆ.

ದೋಣಿ ಮೂರು ಪುಟಕ್ಕೆ ಇಳಿಯಲಿ. ಅವಸರ ಬೇಡ, ಎರಡು ತಿಂಗಳು ತೆಗೆದುಕೊಳ್ಳಿ. ಕೌಂಟರಿನ ದೃಶ್ಯವೊಂದನ್ನೇ ಮೊದಲು ಬರೆದು ಕಳಿಸಿದರೂ ಆಯಿತು, ಓದಿ ಅದೇ ವಾರ ಉತ್ತರ ಬರೆಯುತ್ತೇನೆ.