ಬಾಡಿಗೆಯಲ್ಲೇ ಇಎಂಐ ಕಟ್ಟಬಹುದಾ?

ಮನೆ, ಸೈಟು, ಬಾಡಿಗೆ ಬಗ್ಗೆ ತುಮಕೂರಿನ ಓದುಗರು ಕೇಳಿದ ನಾಲ್ಕು ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕ, ವಯಸ್ಸು 36. ಉಳಿತಾಯ, ಒಡವೆ ಎಲ್ಲ ಸೇರಿಸಿದರೆ 31 ಲಕ್ಷ ಹೊಂದಿಸಬಹುದು. ಮರಳೂರಿನ ಹತ್ತಿರ 30x40 ಸೈಟಿನಲ್ಲಿ ಕೆಳಗೊಂದು, ಮೇಲೊಂದು ಮನೆ ಇರುವ ಕಟ್ಟಡ 75 ಲಕ್ಷಕ್ಕೆ ಬಂದಿದೆ. ಕೆಳಗಿನ ಮನೆಗೆ 9,000, ಮೇಲಿನದಕ್ಕೆ 7,000 ಬಾಡಿಗೆ. 'ಬಾಡಿಗೆಯಲ್ಲೇ ಇಎಂಐ ಹೋಗುತ್ತೆ ಸಾರ್, ಎಚ್‌ಎಎಲ್ ಬಂದಿದೆ, ಐದು ವರ್ಷಕ್ಕೆ ರೇಟು ಡಬಲ್' ಅಂತಾರೆ ಬ್ರೋಕರ್. ನಾವಿರುವುದು ಕ್ಯಾತ್ಸಂದ್ರದಲ್ಲಿ ಅಪ್ಪನ ಮನೆಯಲ್ಲಿ. ಅದರ ಟೆರೇಸಿನ ಮೇಲೆ ಎರಡು ಸಣ್ಣ ಮನೆ ಕಟ್ಟಿ ಬಾಡಿಗೆಗೆ ಕೊಡೋಣ ಅಂತ ನಮ್ಮ ಮನೆಯವರು ಹೇಳುತ್ತಾರೆ. ಮೇಸ್ತ್ರಿ ಚದರಕ್ಕೆ ಎರಡು ಲಕ್ಷ ಹೇಳಿದ್ದಾರೆ. ಯಾವುದು ಒಳ್ಳೆಯದು?

ನಿಮ್ಮ ಮನೆಯವರ ಮಾತು ಕೇಳಿ. ಯಾಕೆ ಅಂತ ಲೆಕ್ಕದಲ್ಲೇ ನೋಡೋಣ.

75 ಲಕ್ಷ ಬರೀ ಮನೆಯ ಬೆಲೆ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಎಲ್ಲ ಸೇರಿ ಶೇ 7.6, ಅಂದರೆ 5.7 ಲಕ್ಷ. ಅಲ್ಲಿಗೆ 80.7 ಲಕ್ಷ. ಬ್ರೋಕರ್ ಕಮಿಷನ್ ಬೇರೆ. ನಿಮ್ಮ 31 ಲಕ್ಷ ಪೂರ್ತಿ ಸುರಿದು, ಮೇಲೆ 50 ಲಕ್ಷ ಸಾಲ ಮಾಡಬೇಕು. ಶೇ 8.5ರ ಬಡ್ಡಿಗೆ 20 ವರ್ಷಕ್ಕೆ ತಿಂಗಳ ಕಂತು ಸುಮಾರು 43,400 ರೂಪಾಯಿ.

ಬರುವುದೆಷ್ಟು? ತಿಂಗಳಿಗೆ 16,000, ವರ್ಷಕ್ಕೆ 1.92 ಲಕ್ಷ. ಆದರೆ ವರ್ಷವಿಡೀ ಎರಡೂ ಮನೆ ತುಂಬಿರುತ್ತವೆ ಅಂತ ನಂಬಬೇಡಿ. ಒಂದು ತಿಂಗಳ ಬಾಡಿಗೆ ಖಾಲಿ ಬಿದ್ದದ್ದಕ್ಕೆ ಅಂತ ಕಳೆಯಿರಿ. ಪಾಲಿಕೆ ಕಂದಾಯ, ಸುಣ್ಣ ಬಣ್ಣ, ಮೋಟರ್ ರಿಪೇರಿಗೆ 25,000 ತೆಗೆದಿಡಿ. ಉಳಿಯುವುದು 1.51 ಲಕ್ಷ, ತಿಂಗಳಿಗೆ 12,600. ಹಾಕಿದ ದುಡ್ಡಿಗೆ ಶೇ 2 ಕೂಡ ಬರಲಿಲ್ಲ! ಮಿಕ್ಕ 30,800 ತಿಂಗಳು ತಿಂಗಳು ನಿಮ್ಮ ಸಂಬಳದಿಂದಲೇ ಹೋಗಬೇಕು. ಬಾಡಿಗೆಯಲ್ಲಿ ಇಎಂಐ ಹೋಗುವುದಿರಲಿ, ಮೂರರಲ್ಲಿ ಒಂದು ಪಾಲೂ ಹೋಗುವುದಿಲ್ಲ.

ರೇಟು ಏರುತ್ತದಲ್ಲ ಅಂತೀರಾ? ಏರಬಹುದು. ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆ ಆಗಿದೆ, ನಿಜ. ವಸಂತನರಸಾಪುರದಲ್ಲಿ ಕೈಗಾರಿಕೆಗಳು ಬೆಳೆದಿರುವುದೂ ನಿಜ. ಆದರೆ ಈ ಸುದ್ದಿಯ ಬೆಲೆಯನ್ನು ಮಾರುವವರು ಆಗಲೇ 75 ಲಕ್ಷದೊಳಗೆ ಸೇರಿಸಿಕೊಂಡಿರುತ್ತಾರೆ. ಕಾರ್ಖಾನೆಗೆ ಬಂದವರು ಮರಳೂರಿನಲ್ಲೇ ಮನೆ ಹುಡುಕುತ್ತಾರಾ ಅನ್ನುವುದು ಬೇರೆ ಪ್ರಶ್ನೆ. ಅನುಮಾನ ಇದ್ದರೆ ಒಂದು ಭಾನುವಾರ ಬ್ರೋಕರ್ ಇಲ್ಲದೆ ಹೋಗಿ, ಆ ಮನೆಯ ಬಾಡಿಗೆದಾರರನ್ನೇ ಮಾತಾಡಿಸಿ. ಎಲ್ಲಿ ಕೆಲಸ, ಎಷ್ಟು ವರ್ಷದಿಂದ ಇದ್ದಾರೆ, ಹಿಂದಿನವರು ಯಾಕೆ ಬಿಟ್ಟರು? ಹಾಗೇ ಸಂಪಿನ ಮುಚ್ಚಳ ತೆಗೆಸಿ ನೋಡಿ. ನಮ್ಮೂರಿಗೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಯಿಂದ ಬರಬೇಕು. ದಿನಾ ನಲ್ಲಿ ಬರುವುದಿಲ್ಲ ಅಂತ ನಿಮಗೇ ಗೊತ್ತು. ಎರಡು ಸಂಸಾರಕ್ಕೆ ಸಾಲದ ಸಂಪು ಇದ್ದರೆ ಬೇಸಿಗೆಯಲ್ಲಿ ಟ್ಯಾಂಕರ್ ದುಡ್ಡಿಗೆ ಜಗಳ ಗ್ಯಾರಂಟಿ.

ಈಗ ಕ್ಯಾತ್ಸಂದ್ರದ ಟೆರೇಸ್. ಎರಡೂ ಮನೆ ಸೇರಿ ಏಳು ಚದರ ಅಂತ ಇಟ್ಟುಕೊಂಡರೆ 14 ಲಕ್ಷ. ಹೊರಗಿನಿಂದ ಮೆಟ್ಟಿಲು, ಬೇರೆ ಬೇರೆ ಮೀಟರ್, ಟ್ಯಾಂಕು ಅಂತ ಇನ್ನೆರಡು ಲಕ್ಷ. ಒಟ್ಟು 16 ಲಕ್ಷ. ಎರಡು ಸಣ್ಣ ಮನೆಗೆ 5,500ರಂತೆ 11,000 ಬಂದರೆ ವರ್ಷಕ್ಕೆ 1.32 ಲಕ್ಷ. ಖಾಲಿ ತಿಂಗಳು, ರಿಪೇರಿ ಕಳೆದು 1.10 ಲಕ್ಷ ಉಳಿದರೂ ಶೇ 7ರ ಹತ್ತಿರ ಬಂತು. ಸಾಲ ಇಲ್ಲ, ಕೈಯಲ್ಲಿ 15 ಲಕ್ಷ ಇನ್ನೂ ಇದೆ. ಬಾಡಿಗೆದಾರರು ತಲೆಯ ಮೇಲೇ ಇರುತ್ತಾರೆ, ಹಾಗಾಗಿ ಮನೆ ನೋಡಿಕೊಳ್ಳುವ ಕೆಲಸವನ್ನೂ ಕಲಿತ ಹಾಗಾಯಿತು.

ಮೀಟರ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಎರಡು ಮನೆಗೆ ಒಂದೇ ಮೀಟರ್ ಇದ್ದರೆ ಇಬ್ಬರ ಯೂನಿಟ್ ಸೇರಿ 200 ದಾಟಬಹುದು. ಆಗ ಗೃಹಜ್ಯೋತಿಯ ಉಚಿತ ಕರೆಂಟು ಹೋಗಿ ಪೂರ್ತಿ ಬಿಲ್ ಬರುತ್ತದೆ. ಅದನ್ನು ಹಂಚುವ ಪಂಚಾಯಿತಿ ನಿಮ್ಮ ಪಾಲಿಗೆ.

ಕಟ್ಟುವ ಮುಂಚೆ ಪಾಯ, ಪಿಲ್ಲರ್ ಇನ್ನೊಂದು ಮಹಡಿ ತಡೆಯುತ್ತವಾ ಅಂತ ಮೇಸ್ತ್ರಿಯಲ್ಲ, ಎಂಜಿನಿಯರ್ ನೋಡಲಿ. ಪಾಲಿಕೆಯಿಂದ ಪ್ಲಾನ್ ಮಂಜೂರು ಮಾಡಿಸಿ. ಇನ್ನೊಂದು ವಿಷಯ ನೀವು ಬರೆದೇ ಇಲ್ಲ, ನಾನೇ ಕೇಳುತ್ತೇನೆ: ಅಕ್ಕ ತಂಗಿ, ಅಣ್ಣ ತಮ್ಮ ಇದ್ದಾರಾ? ಮನೆ ಅಪ್ಪನ ಹೆಸರಿನಲ್ಲಿದೆ. ನಿಮ್ಮ 16 ಲಕ್ಷ ಅಪ್ಪನ ಆಸ್ತಿಯಲ್ಲಿ ಸೇರಿಹೋಗುತ್ತದೆ. ಅವರು ಏನೂ ಬರೆದಿಡದೆ ಹೋದರೆ ಆ ಮಹಡಿಯಲ್ಲೂ ಎಲ್ಲ ಮಕ್ಕಳಿಗೆ, ಅಮ್ಮನಿಗೆ ಸಮಪಾಲು. ಹೆಣ್ಣುಮಕ್ಕಳಿಗೂ ಅಷ್ಟೇ. ಇದು ಅನುಮಾನದ ಮಾತಲ್ಲ. ಎಲ್ಲರೂ ಚೆನ್ನಾಗಿರುವಾಗಲೇ ಕೂತು ಮಾತಾಡಿ, ಮಹಡಿ ಯಾರದ್ದು ಅಂತ ವಕೀಲರಿಂದ ಪತ್ರ ಮಾಡಿಸಿ ರಿಜಿಸ್ಟರ್ ಮಾಡಿಸಿಕೊಳ್ಳಿ. ಈ ಒಂದು ಕಾಗದ ಆಗುವವರೆಗೆ ಇಟ್ಟಿಗೆ ತರಿಸಬೇಡಿ.

ಹಾಂ, ನೀವು ಸರ್ಕಾರಿ ನೌಕರರು. ಮುಂದೆ ಯಾವ ಆಸ್ತಿ ಕೊಂಡರೂ ಇಲಾಖೆಗೆ ಮೊದಲೇ ತಿಳಿಸಬೇಕು, ಮರೆಯಬೇಡಿ.

ಪ್ರಶ್ನೆ: ನಮ್ಮ ಯಜಮಾನರು ತೀರಿಕೊಂಡ ಮೇಲೆ ಬಟವಾಡಿಯ ನಾಲ್ಕು ಬಾಡಿಗೆ ಮನೆ ನೋಡಿಕೊಳ್ಳುವುದು ನನ್ನ ಮೇಲೆ ಬಿದ್ದಿದೆ. ನಾನಿರುವುದು ಬೆಂಗಳೂರಿನಲ್ಲಿ, ಮಗಳ ಮನೆಯಲ್ಲಿ. ಒಬ್ಬರು ಐದು ತಿಂಗಳಿಂದ ಬಾಡಿಗೆ ಕೊಟ್ಟಿಲ್ಲ. ಬಾಡಿಗೆ 8,500, ಅಡ್ವಾನ್ಸ್ 50,000. ಕರಾರಿನ 11 ತಿಂಗಳು ಮುಗಿದು ವರ್ಷವಾಯಿತು. ಮೈದುನ ಕರೆಂಟು, ನೀರು ಕಟ್ ಮಾಡಿಸೋಣ ಅಂತಾರೆ. ಹೀಗೇ ಬಿಟ್ಟರೆ ಮನೆ ಅವರದ್ದೇ ಆಗುತ್ತದೆ ಅಂತಲೂ ಹೇಳುತ್ತಾರೆ.

ಅಮ್ಮ, ಮನೆ ಅವರದ್ದಾಗುವುದಿಲ್ಲ, ಆ ಭಯ ಬಿಡಿ. ಬಾಡಿಗೆದಾರ ಅಂತ ಒಳಗೆ ಬಂದವರು, 11 ತಿಂಗಳು ಮುಗಿದ ಮಾತ್ರಕ್ಕೆ ಮಾಲೀಕರಾಗುವುದಿಲ್ಲ. 11 ತಿಂಗಳ ಲೆಕ್ಕ ಬಂದದ್ದೇ ಬೇರೆ ಕಾರಣಕ್ಕೆ. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಬೇಕು. ಆ ಖರ್ಚು ಬೇಡ ಅಂತ ಎಲ್ಲರೂ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಅವಧಿ ಮುಗಿದ ಮೇಲೂ ನೀವು ಬಾಡಿಗೆ ತೆಗೆದುಕೊಂಡಿದ್ದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಆಗುತ್ತದೆ, ಅಷ್ಟೇ.

ಕರೆಂಟು, ನೀರು ಕಟ್ ಮಾಡಿಸುವ ಮಾತು ಬೇಡವೇ ಬೇಡ. ಬೀಗ ಹಾಕುವುದೂ ಬೇಡ. ತಪ್ಪು ಈಗ ಅವರದ್ದು. ಹಾಗೆ ಮಾಡಿದ ದಿನ ಅವರು ಸ್ಟೇಷನ್ ಮೆಟ್ಟಿಲು ಹತ್ತುತ್ತಾರೆ, ತಪ್ಪು ನಿಮ್ಮದಾಗುತ್ತದೆ.

ನಿಜವಾದ ಅವಸರ ಬೇರೆ ಇದೆ. ಐದು ತಿಂಗಳ ಬಾಕಿ 42,500. ಅಡ್ವಾನ್ಸಿನಲ್ಲಿ ಉಳಿದದ್ದು 7,500, ಒಂದು ತಿಂಗಳ ಬಾಡಿಗೆಗೂ ಸಾಲದು. ಅದಕ್ಕೇ ಈ ವಾರವೇ ವಕೀಲರ ಮೂಲಕ ನೋಟಿಸ್ ಕಳಿಸಿ. ಕರಾರಿನಲ್ಲಿ ಬೇರೆ ಅವಧಿ ಬರೆದಿಲ್ಲದಿದ್ದರೆ, ತಿಂಗಳ ಬಾಡಿಗೆಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ 15 ದಿನದ ನೋಟಿಸ್ ಸಾಕು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಕಡಿಮೆ ಬಾಡಿಗೆಯ ಮನೆಗಳಿಗೆ ಮಾತ್ರ. 8,500 ಅದರ ಮಿತಿಯನ್ನು ಎಂದೋ ದಾಟಿದೆ. ನೋಟಿಸಿಗೂ ಜಗ್ಗದಿದ್ದರೆ ಸಿವಿಲ್ ಕೋರ್ಟ್. ಅಲ್ಲಿ ನೀವು ಗೆಲ್ಲುತ್ತೀರಿ, ಆದರೆ ಯಾವಾಗ ಅಂತ ಯಾರೂ ಹೇಳಲಾರರು.

ಅದಕ್ಕೆ ನನ್ನ ಸಲಹೆ: ನೋಟಿಸ್ ಕೈಗೆ ಸಿಕ್ಕ ಮೇಲೆ ಮೈದುನರನ್ನಲ್ಲ, ಮಗಳನ್ನು ಕರೆದುಕೊಂಡು ಹೋಗಿ ಮಾತಾಡಿ. 'ಮುಂದಿನ 30ಕ್ಕೆ ಬೀಗದ ಕೈ ಕೊಟ್ಟರೆ ಈ ತಿಂಗಳದ್ದು ಬಿಟ್ಟುಬಿಡುತ್ತೇವೆ' ಅನ್ನಿ. ಒಪ್ಪಿದರೆ ಬರೆಸಿಕೊಂಡು ಸಹಿ ಹಾಕಿಸಿ. ಒಂದು ತಿಂಗಳ ಬಾಡಿಗೆ ಬಿಟ್ಟುಕೊಟ್ಟು ಮನೆ ಖಾಲಿ ಆದರೆ ಅದು ಅಗ್ಗದ ವ್ಯವಹಾರ. ಬಿಡುವ ದಿನ ನೀವು ಅಲ್ಲಿರಿ. ಮೀಟರ್ ಫೋಟೊ ತೆಗೆಯಿರಿ, ಬೆಸ್ಕಾಂ ಬಾಕಿ ನೋಡಿ, ಗೃಹಜ್ಯೋತಿಯನ್ನು ನಿಮ್ಮ ಆರ್‌ಆರ್ ನಂಬರಿನಿಂದ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ) ಡಿಲಿಂಕ್ ಮಾಡಿಸಿ. ಹೊಸ ಮನೆಯಲ್ಲಿ ಯೋಜನೆ ಬೇಕಾದರೆ ಅವರಿಗೂ ಅದು ಆಗಲೇಬೇಕು.

ಇನ್ನು ಖಾತೆ ಯಜಮಾನರ ಹೆಸರಿನಲ್ಲೇ ಇದ್ದರೆ ನಿಮ್ಮ, ಮಕ್ಕಳ ಹೆಸರಿಗೆ ವರ್ಗ ಮಾಡಿಸಿ, ಇ-ಖಾತೆ ತೆಗೆದುಕೊಳ್ಳಿ. ಮಿಕ್ಕ ಮೂರು ಮನೆಯವರಿಗೆ ಹೊಸ ಕರಾರು ನಿಮ್ಮ ಹೆಸರಿನಲ್ಲಿ ಆಗಲಿ. ಬಾಡಿಗೆ ಐದನೇ ತಾರೀಖಿನೊಳಗೆ ನೇರ ನಿಮ್ಮ ಬ್ಯಾಂಕಿಗೆ ಬೀಳಲಿ. ಆರಕ್ಕೆ ಬರದಿದ್ದರೆ ಆರಕ್ಕೇ ಫೋನ್ ಮಾಡಿ. ಐದು ತಿಂಗಳು ಸಂಕೋಚ ಪಟ್ಟುಕೊಂಡು ಕೂರಬೇಡಿ.

ಪ್ರಶ್ನೆ: ವಸಂತನರಸಾಪುರದ ಹತ್ತಿರ ರೆವಿನ್ಯೂ ಸೈಟ್ (ಭೂಪರಿವರ್ತನೆ ಆಗದ ಜಮೀನಿನ ಸೈಟ್) 6 ಲಕ್ಷಕ್ಕೆ ಸಿಗುತ್ತಿದೆ. ಈಗ ಅಗ್ರಿಮೆಂಟ್ ಮತ್ತು ಜಿಪಿಎ (ಅಧಿಕಾರ ಪತ್ರ) ಕೊಡುತ್ತಾರಂತೆ, ಫಾರಂ 9, 11 (ಪಂಚಾಯಿತಿಯ ಖಾತೆ ಪತ್ರಗಳು) ಆಮೇಲೆ ಮಾಡಿಸಿಕೊಡುತ್ತಾರಂತೆ. ತೆಗೆದುಕೊಳ್ಳಲಾ?

ಬೇಡ. ಜಿಪಿಎ ಕೊಟ್ಟು ಮಾರಿದರೆ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಜಮೀನು ಕೃಷಿಯಿಂದ ವಾಸದ ಬಳಕೆಗೆ ಭೂಪರಿವರ್ತನೆ ಆಗಿರಬೇಕು, ಲೇಔಟಿಗೆ ಪ್ರಾಧಿಕಾರದ ಅನುಮೋದನೆ ಇರಬೇಕು, 500 ಚದರ ಮೀಟರಿಗಿಂತ ದೊಡ್ಡ ಲೇಔಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇರಬೇಕು. 'ಆಮೇಲೆ' ಅನ್ನುವುದಾದರೆ ನಿಮ್ಮ ದುಡ್ಡೂ ಆಮೇಲೆ. ಕಾಗದ ಸರಿಯಿರುವ ಸೈಟ್ ಸಿಕ್ಕಾಗ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ನೀವೇ ತೆಗೆಯಿರಿ, ಅವರು ಕೊಟ್ಟ ಜೆರಾಕ್ಸ್ ನಂಬಬೇಡಿ. ಮೂಲ ಪತ್ರದಿಂದ ಈಚೆಗೆ ಎಲ್ಲ ಕೈಬದಲಾವಣೆ ಸರಪಳಿಯಂತೆ ಕೂಡಿಕೊಂಡು ಬಂದಿದೆಯಾ ಅಂತ ವಕೀಲರು ಓದಲಿ. ಇನ್ನೊಂದು, ಖಾಲಿ ಸೈಟಿಗೆ ಬಾಡಿಗೆ ಬರುವುದಿಲ್ಲ. ಮಾರುವವರೆಗೆ ಅದು ನಿಮಗೆ ಒಂದು ರೂಪಾಯಿ ದುಡಿದುಕೊಡುವುದಿಲ್ಲ.

ಪ್ರಶ್ನೆ: ಹನುಮಂತಪುರದಲ್ಲಿ ನಮ್ಮ ಮನೆಗೆ 7,000 ಬಾಡಿಗೆ ಬರುತ್ತಿತ್ತು. ಈಗ ಒಬ್ಬರು ಮೂರು ವರ್ಷ ಭೋಗ್ಯಕ್ಕೆ 6 ಲಕ್ಷ ಕೊಡುತ್ತೇವೆ ಅಂತಾರೆ. ತಿಂಗಳು ತಿಂಗಳು ಬಾಡಿಗೆಗೆ ಕಾಯುವ ತಲೆನೋವು ಇಲ್ಲ ಅಲ್ವಾ?

ತಲೆನೋವು ಮೂರು ವರ್ಷ ಮುಂದಕ್ಕೆ ಹೋಗುತ್ತದೆ. 6 ಲಕ್ಷವನ್ನು ಶೇ 6.5ಕ್ಕೆ ಠೇವಣಿ ಇಟ್ಟರೆ ತಿಂಗಳಿಗೆ 3,250 ಬರುತ್ತದೆ, ಬಾಡಿಗೆಯ ಅರ್ಧಕ್ಕಿಂತ ಕಡಿಮೆ. ಠೇವಣಿ ಇಡದೆ ಮದುವೆಗೋ ಕಾರಿಗೋ ಖರ್ಚು ಮಾಡಿದರೆ, ಅವರು ಬಿಡುವ ದಿನ 6 ಲಕ್ಷ ಎಲ್ಲಿಂದ ತರುತ್ತೀರಿ? ಇನ್ನೊಬ್ಬರನ್ನು ಭೋಗ್ಯಕ್ಕೆ ಹುಡುಕುತ್ತೀರಿ. ಅವರು ಸಿಗುವವರೆಗೆ ಇವರು ಬಿಡುವುದಿಲ್ಲ.

ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಕೈಸಾಲ ಮೈಮೇಲಿದ್ದರೆ ಮಾತ್ರ ಯೋಚಿಸಿ. ಆಗ 6 ಲಕ್ಷಕ್ಕೆ ತಿಂಗಳಿಗೆ 12,000 ಬಡ್ಡಿ ಉಳಿಯುತ್ತದೆ, 7,000 ಬಾಡಿಗೆ ಹೋದರೂ ನಿಮಗೆ ಲಾಭ. ಹಾಗೆ ಕೊಡುವುದಾದರೆ ಛಾಪಾ ಕಾಗದದ ಮೇಲೆ ಸಹಿ ಹಾಕಿ ಮುಗಿಸಬೇಡಿ, ಮೂರು ವರ್ಷದ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ರಿಜಿಸ್ಟರ್ ಆಗಬೇಕು. ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದರೆ ಬಂದವರಿಗೆ ಮೊದಲೇ ಹೇಳಿ, ಬ್ಯಾಂಕಿನಿಂದಲೂ ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ದುಡ್ಡು ಚೆಕ್ ಇಲ್ಲವೇ ಆರ್‌ಟಿಜಿಎಸ್‌ನಲ್ಲೇ ಬರಲಿ. ಇಂಥ ಠೇವಣಿಯನ್ನು 20,000 ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ತೆಗೆದುಕೊಂಡರೆ, ತೆಗೆದುಕೊಂಡಷ್ಟೇ ಮೊತ್ತವನ್ನು ದಂಡ ಹಾಕಲು ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶ ಇದೆ.